ಆಟದ ಯಂತ್ರದ ಅಂಕೀಯ ಬಾಗಿಲು

ಯಂತ್ರವೊಂದನ್ನು ಕೊಳ್ಳುವವರು ಅದರ ಮುಖವನ್ನು ನೋಡುವುದು ವಾಡಿಕೆ. ಬೆನ್ನನ್ನು ನೋಡುವವರು ವಿರಳ. ಟೆಲಿವಿಷನ್ ಪೆಟ್ಟಿಗೆಯಾಗಲಿ, ಮನೆಯಲ್ಲಿ ಹುಡುಗರು ಆಡುವ ವಿಡಿಯೋ ಆಟದ ಯಂತ್ರವಾಗಲಿ, ಅದರ ಹಿಂಬದಿಯಲ್ಲಿ ಸಾಲಾಗಿ ಕೊರೆದಿರುವ ಕಿಂಡಿಗಳು ಏತಕ್ಕೆ, ಅವುಗಳಿಂದ ಹೊರಬರುವುದು ಏನು ಎಂದು ಕೇಳುವವರು ಇನ್ನೂ ವಿರಳ. ತಂತಿಯನ್ನು ಸಿಕ್ಕಿಸಿದೊಡನೆ ಪರದೆಯ ಮೇಲೆ ಚಿತ್ರ ಮೂಡಿದರೆ ನಮಗೆ ಸಾಕು. ಆದರೆ ಇಂಥ ಯಂತ್ರಗಳ ಚರಿತ್ರೆಯನ್ನು ಸ್ವಲ್ಪ ಲಕ್ಷ್ಯವಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಯಂತ್ರವು ಎಷ್ಟು ವರ್ಷ ಉಪಯೋಗಕ್ಕೆ ಬರುವುದೆಂಬುದನ್ನು ನಿಶ್ಚಯಿಸುವುದು ಅನೇಕ ವೇಳೆ ಅದರ ಒಳಗಿನ ಗಣಕವಲ್ಲ, ಬೆನ್ನಿನ ಮೇಲಿನ ಒಂದು ಕಿಂಡಿ.

ಅಂಥ ಒಂದು ಕಿಂಡಿಯ ವೃತ್ತಾಂತವನ್ನು ಹೇಳಿ, ಅದರಿಂದ ಹೊರಡುವ ಅಭಿಪ್ರಾಯವೊಂದನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಜಪಾನಿನ ನಿಂಟೆಂಡೊ ಕಂಪನಿಯವರು ೨೦೦೧ನೆಯ ಸೆಪ್ಟೆಂಬರಿನಲ್ಲಿ ತಮ್ಮ ದೇಶದಲ್ಲಿಯೂ, ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದಲ್ಲಿಯೂ 'ಗೇಮ್‌ಕ್ಯೂಬ್' ಎಂಬ ಆಟದ ಯಂತ್ರವನ್ನು ಮಾರಾಟಕ್ಕೆ ಬಿಟ್ಟರು. ಅಂಗೈಯಗಲದ ಘನಾಕೃತಿಯ ಆ ಪೆಟ್ಟಿಗೆಯ ಬೆನ್ನಿನ ಮೇಲೆ ಚಿತ್ರ ಹೊರಬರುವುದಕ್ಕೆ ಒಂದಲ್ಲ, ಎರಡು ಬಾಗಿಲುಗಳಿದ್ದುವು. ಒಂದರಿಂದ ಚಿತ್ರವು ವಿದ್ಯುತ್ತಿನ ಅಲೆಯಾಗಿ ಹೊರಡುತ್ತಿತ್ತು; ಇನ್ನೊಂದರಿಂದ ಬರಿಯ ಅಂಕಿಗಳಾಗಿ ಹೊರಡುತ್ತಿತ್ತು. ಎರಡನೆಯ ಬಾಗಿಲನ್ನು ಮೂರೇ ವರ್ಷಗಳಲ್ಲಿ ಮುಚ್ಚಲಾಯಿತು. ಹಾಗೆ ಮುಚ್ಚಿದುದು ತಪ್ಪೆಂದು ನಮ್ಮ ಮತ. ಯಂತ್ರವನ್ನು ಹಣ ಕೊಟ್ಟು ಕೊಂಡವನಿಗೆ ಅದರ ಚಿತ್ರವು ಅಂಕಿಗಳ ರೂಪದಲ್ಲಿಯೇ, ಬೀಗಮುದ್ರೆಗಳಿಲ್ಲದೆ ದೊರೆಯಬೇಕು. ಆ ಅಂಕಿಗಳನ್ನು ಓದುವ ಬಗೆ ಕಂಪನಿಯ ಗುಟ್ಟಾಗಿ ಉಳಿಯಕೂಡದು. ಈ ಮಾತನ್ನು ಸಮರ್ಥಿಸುವ ಮೊದಲು ಅಲೆಗೂ ಅಂಕಿಗೂ ಇರುವ ಭೇದವನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು.

ಅಲೆ ಮತ್ತು ಅಂಕಿ

ಒಬ್ಬ ರೈತನು ತನ್ನ ಕಣದ ರಾಶಿ ಎಷ್ಟಾಯಿತೆಂದು ದೂರದ ಊರಿನ ಬಂಧುವಿಗೆ ತಿಳಿಸಬೇಕಾಗಿದೆ ಎನ್ನೋಣ. ರಾಶಿಯನ್ನೇ ಗಾಡಿಯಲ್ಲಿ ಹೇರಿ ಕಳುಹಿಸಿದರೆ ದಾರಿಯುದ್ದಕ್ಕೂ ಚೀಲದ ಸಂದುಗಳಿಂದ ಕಾಳು ಉದುರುತ್ತದೆ. ತಲುಪಿದ ರಾಶಿಯನ್ನು ಅಳೆಯುವವನಿಗೆ ಎಷ್ಟು ಉದುರಿತೆಂದು ತಿಳಿಯುವ ಮಾರ್ಗವೇ ಇಲ್ಲ. ಅದರ ಬದಲು '೨೫ ಖಂಡುಗ' ಎಂದು ಚೀಟಿಯಲ್ಲಿ ಬರೆದು ಕಳುಹಿಸಿದರೆ, ಚೀಟಿ ಮುದುರಿದರೂ ಮಾಸಿದರೂ, ಅಕ್ಷರ ಓದಲು ಬರುವವರೆಗೆ ಲೆಕ್ಕದಲ್ಲಿ ಒಂದು ಕಾಳೂ ಕಡಮೆಯಾಗದು. ಮೊದಲನೆಯದು ಅನಲಾಗ್ ವಿಧಾನ; ಎರಡನೆಯದು ಅಂಕೀಯ, ಎಂದರೆ ಡಿಜಿಟಲ್ ವಿಧಾನ.

ನಮ್ಮ ಮನೆಗಳಲ್ಲಿ ಡಿವಿಡಿ ಯಂತ್ರದೊಡನೆ ಬರುತ್ತಿದ್ದ ಹಳದಿ, ಕೆಂಪು, ಬಿಳಿ ತಂತಿಗಳನ್ನು ಅನೇಕರು ನೋಡಿರಬಹುದು. ಕೆಂಪು ಬಿಳಿ ತಂತಿಗಳು ಶಬ್ದಕ್ಕೆ, ಹಳದಿಯೊಂದೇ ಚಿತ್ರಕ್ಕೆ. ಚಿತ್ರದ ಬೆಳಕು, ಬಣ್ಣ, ಸಾಲುಗಳ ಹೊಂದಾಣಿಕೆ ಎಲ್ಲವನ್ನೂ ಒಂದೇ ಅಲೆಯಲ್ಲಿ ಕಲಸಿ ಆ ಹಳದಿ ತಂತಿಯ ಮೂಲಕ ಕಳುಹಿಸುತ್ತಾರೆ. ಹಾಗೆ ಕಲಸಿದುದನ್ನು ಟೆಲಿವಿಷನ್ ಮತ್ತೆ ಪೂರ್ಣವಾಗಿ ಬೇರ್ಪಡಿಸಲಾರದು. ಆದುದರಿಂದಲೇ ಅಕ್ಷರಗಳ ಅಂಚಿನಲ್ಲಿ ಇಲ್ಲದ ಬಣ್ಣಗಳು ಹರಿದಾಡುತ್ತವೆ. ಬೆಳಕನ್ನೂ ಬಣ್ಣವನ್ನೂ ಎರಡು ಪ್ರತ್ಯೇಕ ತಂತಿಗಳಲ್ಲಿ ಕಳುಹಿಸುವ ಎಸ್-ವಿಡಿಯೋ ಇದಕ್ಕಿಂತ ಮೇಲು. ಮೂರು ಪ್ರತ್ಯೇಕ ತಂತಿಗಳಲ್ಲಿ ಕಳುಹಿಸುವ ಆರ್‌ಜಿಬಿ ಮತ್ತು ಕಾಂಪೊನೆಂಟ್ ವಿಧಾನಗಳು ಇನ್ನೂ ಮೇಲು. ಆದರೂ ಇವೆಲ್ಲವೂ ರಾಶಿಯನ್ನು ಗಾಡಿಯಲ್ಲಿ ಹೇರುವ ವಿಧಾನಗಳೇ, ಗಾಡಿಯೊಂದೇ ಉತ್ತಮವಾದುದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆಟದ ಯಂತ್ರದೊಳಗೆ ಚಿತ್ರವು ಹುಟ್ಟುವುದೇ ಅಂಕಿಗಳಾಗಿ. ಇಂದಿನ ಚಪ್ಪಟೆ ಟೆಲಿವಿಷನ್ ಚಿತ್ರವನ್ನು ತೋರಿಸುವುದೂ ಅಂಕಿಗಳಿಂದಲೇ. ಅದರ ಪರದೆಯಲ್ಲಿ ಲಕ್ಷಗಟ್ಟಲೆ ಚುಕ್ಕೆಗಳು ನಿಶ್ಚಿತ ಸ್ಥಾನಗಳಲ್ಲಿರುತ್ತವೆ. ಪ್ರತಿಯೊಂದು ಚುಕ್ಕೆಗೂ ಇಷ್ಟು ಬೆಳಕು ಎಂಬ ಸಂಖ್ಯೆ ಬೇಕು. ಹುಟ್ಟೂ ಅಂಕಿ, ಕೊನೆಯೂ ಅಂಕಿಯಾಗಿರುವಾಗ ನಡುವಿನ ಒಂದೆರಡು ಗಜದ ದಾರಿಯಲ್ಲಿ ಮಾತ್ರ ಅದನ್ನು ಅಲೆಯಾಗಿ ಮಾರ್ಪಡಿಸಿ ಮತ್ತೆ ಅಂಕಿಯಾಗಿಸುವುದು, ಕೈಯಲ್ಲಿದ್ದ ಚೀಟಿಯನ್ನು ಹರಿದುಹಾಕಿ ಗಾಡಿ ಕಟ್ಟಿದಂತೆಯೇ ಸರಿ.

ಕಿಂಡಿಯೊಳಗಿನ ಲೆಕ್ಕ

ಗೇಮ್‌ಕ್ಯೂಬಿನ ಎರಡನೆಯ ಬಾಗಿಲು ಆ ಚೀಟಿಯನ್ನೇ ಹೊರಗೆ ಕೊಡುತ್ತಿತ್ತು. ಅದರಲ್ಲಿ ಚಿತ್ರದ ಅಂಕಿಗಳಿಗಾಗಿ ಎಂಟು ತಂತಿಗಳಿದ್ದುವು. ಎಂಟು ತಂತಿಗಳಲ್ಲಿ ಒಮ್ಮೆಗೆ ಸಾಗುವುದು ಒಂದು ಬೈಟು. ಎಂದರೆ ೦ಯಿಂದ ೨೫೫ರ ವರೆಗಿನ ಒಂದು ಸಂಖ್ಯೆ. ಗಡಿಯಾರದ ಮಿಡಿತದಂತೆ ತಾಳ ಹಾಕುವ ಬೇರೊಂದು ತಂತಿ ಸೆಕೆಂಡಿಗೆ ೫ ಕೋಟಿ ೪೦ ಲಕ್ಷ ಸಾರಿ ಮಿಡಿಯುತ್ತಿತ್ತು. ಈ ಸಂಖ್ಯೆ ಎಲ್ಲಿಂದ ಬಂತೆಂದು ಪರಿಶೀಲಿಸುವುದು ವಿದ್ಯಾರ್ಥಿಗಳಿಗೆ ಸ್ವಾರಸ್ಯದ ವಿಷಯ.

ಅಮೆರಿಕ ಮತ್ತು ಜಪಾನುಗಳ ಟೆಲಿವಿಷನ್ ಪದ್ಧತಿಯಲ್ಲಿ ಚಿತ್ರವೊಂದಕ್ಕೆ ೫೨೫ ಸಾಲುಗಳು; ಭಾರತ ಮತ್ತು ಯೂರೋಪಿನ ಬಹುಭಾಗ ಅನುಸರಿಸಿದ ಪದ್ಧತಿಯಲ್ಲಿ ೬೨೫ ಸಾಲುಗಳು. ಮೊದಲನೆಯದರಲ್ಲಿ ಸೆಕೆಂಡಿಗೆ ಸುಮಾರು ೩೦ ಚಿತ್ರಗಳು, ಸರಿಯಾಗಿ ಹೇಳುವುದಾದರೆ ೨೯.೯೭, ಎರಡನೆಯದರಲ್ಲಿ ೨೫. ಈ ಎರಡು ಪದ್ಧತಿಗಳಿಗೂ ಹೊಂದುವ ಒಂದೇ ತಾಳವನ್ನು ಅಂತರರಾಷ್ಟ್ರೀಯ ತಜ್ಞರು ೧೯೮೨ರಲ್ಲಿ ಗೊತ್ತುಮಾಡಿದರು. ಒಂದು ಸಾಲಿಗೆ ಮೊದಲ ಪದ್ಧತಿಯಲ್ಲಿ ೮೫೮, ಎರಡನೆಯದರಲ್ಲಿ ೮೬೪ ಅಳತೆಗಳನ್ನು ತೆಗೆದುಕೊಂಡರೆ ಎರಡರಲ್ಲಿಯೂ ಸೆಕೆಂಡಿಗೆ ೧ ಕೋಟಿ ೩೫ ಲಕ್ಷ ಅಳತೆಗಳಾಗುತ್ತವೆ. ೮೬೪, ೬೨೫, ೨೫ ಈ ಮೂರನ್ನು ಗುಣಿಸಿ ನೋಡಿದರೆ ಇದರ ಸತ್ಯ ತಿಳಿಯುವುದು. ಬಗೆಬಗೆಯ ದೇಶಗಳ ಹಟಗಳ ನಡುವೆ ಗಣಿತವು ಕಂಡುಕೊಂಡ ಸಂಧಿ ಇದು.

ಹಳೆಯ ಟೆಲಿವಿಷನ್ ಒಮ್ಮೆಗೆ ಬೆಸ ಸಾಲುಗಳನ್ನೂ ಮರುಕ್ಷಣ ಸರಿ ಸಾಲುಗಳನ್ನೂ ಬರೆಯುತ್ತಿತ್ತು. ಸೆಕೆಂಡಿಗೆ ಸುಮಾರು ೬೦ ಅರೆಚಿತ್ರಗಳು. ಎಲ್ಲ ಸಾಲುಗಳನ್ನೂ ಪ್ರತಿ ಸಾರಿಯೂ ಕ್ರಮವಾಗಿ ಬರೆಯುವ ವಿಧಾನಕ್ಕೆ 'ಪ್ರೊಗ್ರೆಸಿವ್' ಎಂದು ಹೆಸರು. ಇದರಲ್ಲಿ ಚಿತ್ರ ನಡುಗುವುದಿಲ್ಲ, ತೆಳುಗೆರೆಗಳು ಮಿನುಗುವುದಿಲ್ಲ. ಆದರೆ ಚುಕ್ಕೆಗಳ ಸಂಖ್ಯೆ ಇಮ್ಮಡಿಯಾಗುವುದರಿಂದ ಸೆಕೆಂಡಿಗೆ ೨ ಕೋಟಿ ೭೦ ಲಕ್ಷ ಅಳತೆಗಳು ಬೇಕು. ಮನುಷ್ಯನ ಕಣ್ಣು ಬೆಳಕಿನ ಸೂಕ್ಷ್ಮವನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮವನ್ನು ಗುರುತಿಸದು. ಆದುದರಿಂದ ಪ್ರತಿ ಚುಕ್ಕೆಗೂ ಬೆಳಕಿನ ಒಂದು ಬೈಟನ್ನು ಕೊಟ್ಟು, ಬಣ್ಣದ ಎರಡು ಬೈಟುಗಳನ್ನು ನೆರೆಹೊರೆಯ ಎರಡು ಚುಕ್ಕೆಗಳಿಗೆ ಹಂಚಿದರೆ ಸಾಕು. ಹೀಗೆ ಚುಕ್ಕೆಯೊಂದಕ್ಕೆ ಸರಾಸರಿ ಎರಡು ಬೈಟು. ೨ ಕೋಟಿ ೭೦ ಲಕ್ಷವನ್ನು ಎರಡರಿಂದ ಗುಣಿಸಿದರೆ ೫ ಕೋಟಿ ೪೦ ಲಕ್ಷ. ಕಿಂಡಿಯೊಳಗಿನ ತಾಳ ಇದೇ. ಈ ಅಂಕಿಗಳ ಜೊತೆಗೆ ಶಬ್ದವೂ ಅಂಕಿಗಳಾಗಿ ಅದೇ ಬಾಗಿಲಿನಿಂದ ಹೊರಡುತ್ತಿತ್ತು.

ಕೀಲಿಯನ್ನೊಳಗೊಂಡ ತಂತಿ

ಇಷ್ಟು ಸೊಗಸಾದ ಬಾಗಿಲನ್ನಿಟ್ಟ ಕಂಪನಿಯವರು ಅದಕ್ಕೆ ಹೊಂದುವಂತೆ ಮಾರಿದ ತಂತಿ ಎಂಥದು? ಅದರ ಯಂತ್ರದ ಕಡೆಯ ತುದಿಯೊಳಗೆ ಒಂದು ಚಿಪ್ಪನ್ನು ಅಡಗಿಸಿದ್ದರು. ಯಂತ್ರವು ಕೊಟ್ಟ ಅಂಕಿಗಳನ್ನು ಆ ಚಿಪ್ಪು ಅಲ್ಲಿಯೇ ಅಲೆಗಳಾಗಿ ಮಾರ್ಪಡಿಸಿ ಮೂರು ಕಾಂಪೊನೆಂಟ್ ತಂತಿಗಳಲ್ಲಿ ಹೊರಗೆ ಬಿಡುತ್ತಿತ್ತು. ಶಬ್ದವನ್ನಂತೂ ಅದು ಮುಟ್ಟುತ್ತಲೇ ಇರಲಿಲ್ಲ. ಶಬ್ದಕ್ಕಾಗಿ ಮೊದಲನೆಯ ಬಾಗಿಲಿಗೆ ಇನ್ನೊಂದು ತಂತಿಯನ್ನು ಸಿಕ್ಕಿಸಬೇಕಾಗಿತ್ತು. ಹೆಸರಿಗೆ ಅಂಕೀಯ ಬಾಗಿಲು. ಹೊರಗೆ ಬರುವುದು ಅಲೆ.

ಇದಕ್ಕೆ ಕಂಪನಿಯವರನ್ನು ದೂರುವುದು ನ್ಯಾಯವಲ್ಲ. ೨೦೦೧ರಲ್ಲಿ ಮನೆಯ ಟೆಲಿವಿಷನ್ನುಗಳಿಗೆ ಅಂಕಿಗಳನ್ನು ನೇರವಾಗಿ ಸ್ವೀಕರಿಸುವ ಕಿಂಡಿ ಸಾಮಾನ್ಯವಾಗಿ ಇರಲಿಲ್ಲ. ಗಣಕಗಳ ಪರದೆಗಳಿಗಾಗಿ ಡಿವಿಐ ಎಂಬ ಪದ್ಧತಿ ೧೯೯೯ರಲ್ಲಿ ಬಂದಿತ್ತು. ಟೆಲಿವಿಷನ್ನುಗಳಿಗಾಗಿ ಅದನ್ನೇ ಬೆಳೆಸಿ ರೂಪಿಸಿದ ಎಚ್‌ಡಿಎಂಐ ಪದ್ಧತಿ ಪ್ರಕಟವಾದುದು ೨೦೦೨ರ ಡಿಸೆಂಬರಿನಲ್ಲಿ. ಎಂದರೆ ಯಂತ್ರವು ತನ್ನ ಕಾಲಕ್ಕಿಂತ ಒಂದು ಹೆಜ್ಜೆ ಮುಂದೆ ಹುಟ್ಟಿತ್ತು. ದೂರಬೇಕಾದುದು ಬೇರೆ. ತಂತಿಯೊಳಗಿನ ಚಿಪ್ಪನ್ನು ಬೇರೆಯಾಗಿ ಯಾರಿಗೂ ಮಾರಲಿಲ್ಲ. ಕಿಂಡಿಯ ತಂತಿಗಳ ವಿವರವನ್ನು ಸಾರ್ವಜನಿಕವಾಗಿ ಪ್ರಕಟಿಸಲಿಲ್ಲ. ಅಮೆರಿಕದಲ್ಲಿ ಆ ತಂತಿ ಬೇಕಾದವರು ಅಂಗಡಿಯಲ್ಲಿ ಹುಡುಕಿ ಫಲವಿಲ್ಲದೆ ಕಂಪನಿಯಿಂದಲೇ ತರಿಸಿಕೊಳ್ಳಬೇಕಾಗಿತ್ತು. ಯೂರೋಪಿನ ಯಂತ್ರಗಳ ಬೆನ್ನಿನ ಮೇಲೆ ಕಿಂಡಿ ಇದ್ದರೂ ಅದಕ್ಕೆ ತಕ್ಕ ತಂತಿಯನ್ನು ಅಲ್ಲಿ ಮಾರಾಟಕ್ಕೇ ಬಿಡಲಿಲ್ಲ. ಪ್ರೊಗ್ರೆಸಿವ್ ಚಿತ್ರವಾದರೋ ಈ ಬಾಗಿಲಿನ ಮೂಲಕವಲ್ಲದೆ ಇನ್ನೊಂದರ ಮೂಲಕ ಬರುವಂತೆಯೇ ಇರಲಿಲ್ಲ. ತಂತಿ ಸಿಕ್ಕಿರುವುದನ್ನು ಯಂತ್ರವು ತಾನೇ ಅರಿತು, ಆಟ ಆರಂಭವಾಗುವಾಗ ಬಿ ಗುಂಡಿಯನ್ನು ಒತ್ತಿ ಹಿಡಿದವರಿಗೆ ಮಾತ್ರ ಆ ಚಿತ್ರ ಬೇಕೆ ಎಂದು ಕೇಳುತ್ತಿತ್ತು. ತಂತಿ ಇಲ್ಲದವರಿಗೆ ಅಂಥದೊಂದು ಪ್ರಶ್ನೆ ಇದೆಯೆಂದೇ ತಿಳಿಯುತ್ತಿರಲಿಲ್ಲ.

೨೦೦೪ರಲ್ಲಿ ಹೊರಬಂದ ಯಂತ್ರದ ಹೊಸ ಮಾದರಿಯಲ್ಲಿ ಅಂಕೀಯ ಬಾಗಿಲನ್ನು ತೆಗೆದುಹಾಕಲಾಯಿತು. ಅದನ್ನು ಬಳಸುವವರು ನೂರಕ್ಕೆ ಒಬ್ಬರಿಗಿಂತಲೂ ಕಡಮೆ ಎಂಬುದು ಆಗ ಕೊಟ್ಟ ಕಾರಣ.

ಕಂಪನಿಯ ವಾದದ ತೂಕ

ಈ ಕಾರಣವನ್ನು ಹಗುರವಾಗಿ ತಳ್ಳಿಹಾಕಬಾರದು. ಆಟದ ಯಂತ್ರವನ್ನು ಬಹಳ ಕಡಮೆ ಲಾಭಕ್ಕೆ ಮಾರುತ್ತಾರೆ. ಲಕ್ಷಗಟ್ಟಲೆ ಯಂತ್ರಗಳನ್ನು ತಯಾರಿಸುವಾಗ ಒಂದೊಂದರಲ್ಲಿ ಉಳಿಯುವ ಕೆಲವೇ ಕಾಸುಗಳೂ ದೊಡ್ಡ ಮೊತ್ತವಾಗುತ್ತವೆ. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಮುಟ್ಟದ ಕಿಂಡಿಯೊಂದಕ್ಕೆ ಎಲ್ಲರಿಂದಲೂ ಬೆಲೆ ವಸೂಲು ಮಾಡುವುದು ಯಾವ ನ್ಯಾಯ ಎಂದು ಎಂಜಿನಿಯರನೊಬ್ಬನು ಕೇಳಿದರೆ ಆ ಪ್ರಶ್ನೆಗೆ ಅರ್ಥವಿದೆ. ಮಿತವ್ಯಯವೂ ವಿಜ್ಞಾನದ ಒಂದು ಗುಣವೇ.

ಆದರೂ ಈ ವಾದಕ್ಕೆ ನಮ್ಮಲ್ಲಿ ಮೂರು ಉತ್ತರಗಳಿವೆ.

ಮೊದಲನೆಯದಾಗಿ, ಬಳಸುವವರು ಕಡಮೆಯಾಗಿದ್ದುದು ಬಾಗಿಲು ಬೇಡವೆಂದಲ್ಲ, ಕೀಲಿ ಸಿಕ್ಕದೆ ಹೋದುದರಿಂದ. ಅಂಗಡಿಯಲ್ಲಿ ದೊರೆಯದ, ಇತರರು ತಯಾರಿಸಲಾಗದ ತಂತಿಯನ್ನು ಬಳಸಲಿಲ್ಲವೆಂದು ಜನರನ್ನು ಎಣಿಸುವುದು, ಬಾವಿಗೆ ಹಗ್ಗ ಕೊಡದೆ ಊರಿನವರಿಗೆ ನೀರಡಿಕೆಯಿಲ್ಲವೆಂದು ತೀರ್ಮಾನಿಸಿದಂತೆ. ವಿವರವನ್ನು ಪ್ರಕಟಿಸಿದ್ದರೆ ಬೇರೆ ತಯಾರಕರು ಅಗ್ಗದ ತಂತಿಗಳನ್ನು ಮಾಡುತ್ತಿದ್ದರು. ಆಗ ಎಣಿಕೆಯೂ ಬೇರೆಯಾಗುತ್ತಿತ್ತು.

ಎರಡನೆಯದಾಗಿ, ನೂರಕ್ಕೆ ಒಬ್ಬರೆಂದರೆ ಎಷ್ಟು ಮಂದಿ? ಗೇಮ್‌ಕ್ಯೂಬ್ ಯಂತ್ರಗಳು ಪ್ರಪಂಚದಲ್ಲಿ ಒಟ್ಟು ಸುಮಾರು ೨ ಕೋಟಿ ೧೭ ಲಕ್ಷ ಮಾರಾಟವಾದುವು. ಆ ಲೆಕ್ಕದಲ್ಲಿ ನೂರಕ್ಕೆ ಅರ್ಧದಷ್ಟು ಜನರೆಂದರೂ ಒಂದು ಲಕ್ಷವನ್ನು ಮೀರುತ್ತದೆ. ಶೇಕಡಾ ಲೆಕ್ಕವು ಮನುಷ್ಯರನ್ನು ಸಣ್ಣದಾಗಿ ತೋರಿಸುವ ಒಂದು ದುರ್ಬೀನು. ತಲೆಕೆಳಗಾಗಿ ಹಿಡಿದ ದುರ್ಬೀನು.

ಮೂರನೆಯದೇ ಮುಖ್ಯವಾದುದು. ಉಪಯೋಗವನ್ನು ಅಂದಿನ ದಿನದಲ್ಲಿ ಮಾತ್ರ ಅಳೆಯಲಾಯಿತು. ೨೦೦೪ರ ಮನೆಗಳಲ್ಲಿದ್ದುದು ಹೆಚ್ಚಾಗಿ ಗಾಜಿನ ಕೊಳವೆಯ ಟೆಲಿವಿಷನ್ನು. ಅದಕ್ಕೆ ಅಲೆಯೇ ಸಹಜ ಆಹಾರ. ಮುಂದಿನ ಹತ್ತು ವರ್ಷಗಳಲ್ಲಿ ಆ ಕೊಳವೆಗಳು ಮನೆಗಳಿಂದ ಹೊರಟುಹೋಗಿ ಚಪ್ಪಟೆ ಪರದೆಗಳು ಬಂದುವು. ಇವುಗಳಿಗೆ ಹಳೆಯ ಅಲೆಯನ್ನು ಕೊಟ್ಟರೆ, ಸಾಲುಗಳ ಎರಡು ಅರೆಚಿತ್ರಗಳನ್ನು ಹೊಲಿದು ಒಂದು ಮಾಡುವುದಕ್ಕೂ, ಅದನ್ನು ಪರದೆಯ ಅಳತೆಗೆ ಹಿಗ್ಗಿಸುವುದಕ್ಕೂ ಹೊತ್ತು ಹಿಡಿಯುತ್ತದೆ, ಚಿತ್ರವೂ ಮಂಜುಮಂಜಾಗುತ್ತದೆ. ಸಿನಿಮಾ ನೋಡುವವನಿಗೆ ಸೆಕೆಂಡಿನ ಹತ್ತರಲ್ಲೊಂದು ಭಾಗದ ವಿಳಂಬ ಲೆಕ್ಕಕ್ಕಿಲ್ಲ. ಆಟವಾಡುವವನಿಗಾದರೋ ಗುಂಡಿ ಒತ್ತಿದ ಕ್ಷಣಕ್ಕೂ ಪರದೆಯ ಮೇಲಿನ ಬೊಂಬೆ ನೆಗೆದ ಕ್ಷಣಕ್ಕೂ ನಡುವೆ ಅಷ್ಟು ಅಂತರ ಬಿದ್ದರೆ ಆಟವೇ ಕೆಡುತ್ತದೆ. ಯಾವ ಬಾಗಿಲು ಅನಾವಶ್ಯಕವೆಂದು ಮುಚ್ಚಲ್ಪಟ್ಟಿತೋ ಅದೇ ಬಾಗಿಲು ಹತ್ತು ವರ್ಷಗಳ ಮೇಲೆ ಯಂತ್ರದ ಜೀವನಾಡಿಯಾಯಿತು. ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಯಂತ್ರಕ್ಕಿಂತಲೂ ಆ ಒಂದು ತಂತಿಗೆ ಹೆಚ್ಚು ಬೆಲೆ ಬಂತು.

ಆಟಗಳಲ್ಲವೆ, ಹೋದರೆ ಹೋಗಲಿ ಎನ್ನುವವರೂ ಇರಬಹುದು. 'ಮೆಟ್ರಾಯ್ಡ್ ಪ್ರೈಮ್', 'ದಿ ವಿಂಡ್ ವೇಕರ್' ಮೊದಲಾದ ಆ ಕಾಲದ ಆಟಗಳು ನೂರಾರು ಕಲಾವಿದರ, ಸಂಗೀತಗಾರರ, ಗಣಿತಜ್ಞರ ವರ್ಷಗಟ್ಟಲೆಯ ಶ್ರಮದ ಫಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದವರು ೨೦೧೨ರಲ್ಲಿ ೧೪ ವಿಡಿಯೋ ಆಟಗಳನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡರು. ಓಲೆಗರಿಯ ಗ್ರಂಥಗಳನ್ನು ಹುಳು ತಿನ್ನದಂತೆ ಕಾಪಾಡಬೇಕೆಂದು ವಾದಿಸುವ ನಾವು, ಈ ಕಾಲದ ಕೃತಿಗಳನ್ನು ಅವು ಹುಟ್ಟಿದ ಯಂತ್ರದಲ್ಲಿಯೇ ನೋಡುವ ಅವಕಾಶ ಒಂದು ಕಿಂಡಿಯ ಕಾರಣದಿಂದ ತಪ್ಪಿಹೋಗುವುದನ್ನು ಸುಮ್ಮನೆ ಸಹಿಸಬೇಕೆ?

ಅಂಕಿಗಳನ್ನು ಓದಿದವರು

ಅದೃಷ್ಟವಶಾತ್ ಈ ವೃತ್ತಾಂತ ಇಲ್ಲಿಗೆ ಮುಗಿಯಲಿಲ್ಲ. ಕಂಪನಿಯವರು ವಿವರವನ್ನು ಪ್ರಕಟಿಸದಿದ್ದರೂ, ಅಂಕಿಗಳಿಗೆ ಬೀಗ ಹಾಕಿರಲಿಲ್ಲ. ಎಂಟು ತಂತಿಗಳಲ್ಲಿ ಹರಿಯುತ್ತಿದ್ದುದು ಗೂಢಲಿಪಿಯಲ್ಲ, ತೆರೆದ ಲೆಕ್ಕ. ಹವ್ಯಾಸಿ ತಂತ್ರಜ್ಞರು ಮಾಪನಯಂತ್ರಗಳನ್ನಿಟ್ಟು ಯಾವ ತಂತಿಯಲ್ಲಿ ಏನು ಹರಿಯುತ್ತದೆ, ಬೆಳಕಿನ ಬೈಟು ಯಾವುದು, ಬಣ್ಣದ ಬೈಟು ಯಾವುದು ಎಂಬುದನ್ನು ಒಂದೊಂದಾಗಿ ಗೊತ್ತುಹಚ್ಚಿದರು. ಬಳಿಕ ಆ ಅಂಕಿಗಳನ್ನು ಎಚ್‌ಡಿಎಂಐ ಭಾಷೆಗೆ ಅನುವಾದಿಸುವ ಕೆಲಸ ಉಳಿಯಿತು.

ಈ ಅನುವಾದಕ್ಕೆ ಎಫ್‌ಪಿಜಿಎ ಎಂಬ ಚಿಪ್ಪು ನೆರವಾಯಿತು. ಸಾಮಾನ್ಯ ಚಿಪ್ಪಿನ ಒಳರಚನೆ ಕಾರ್ಖಾನೆಯಲ್ಲಿಯೇ ನಿಶ್ಚಿತವಾಗುತ್ತದೆ. ಎಫ್‌ಪಿಜಿಎ ಹಾಗಲ್ಲ, ಮಗ್ಗಕ್ಕೆ ಹಾಸು ಹೂಡಿಕೊಟ್ಟಂತೆ ಅದರಲ್ಲಿ ತರ್ಕದ ತುಣುಕುಗಳು ಸಿದ್ಧವಾಗಿರುತ್ತವೆ, ಅವುಗಳನ್ನು ಹೆಣೆಯುವ ವಿನ್ಯಾಸ ಬಳಸುವವನದು. ಅದು ಮೊದಲು ಯಂತ್ರದ ಎಂಟು ತಂತಿಗಳಿಂದ ಬೈಟುಗಳನ್ನು ತೆಗೆದುಕೊಂಡು, ಹಂಚಿಕೊಂಡ ಬಣ್ಣಗಳನ್ನು ಪ್ರತಿ ಚುಕ್ಕೆಗೂ ತುಂಬುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಚಿತ್ರಕ್ಕಾಗಿ ಮೂರು ಜೋಡಿ ತಂತಿಗಳೂ ತಾಳಕ್ಕಾಗಿ ಒಂದು ಜೋಡಿಯೂ ಇರುತ್ತವೆ. ಅದರ ಮೂಲ ಪದ್ಧತಿಯಲ್ಲಿ ಪ್ರತಿಯೊಂದು ಎಂಟು ಬಿಟ್ಟಿನ ಸಂಖ್ಯೆಯನ್ನೂ ಹತ್ತು ಬಿಟ್ಟುಗಳಾಗಿ ಬರೆಯುತ್ತಾರೆ. ಹೆಚ್ಚಿನ ಎರಡು ಬಿಟ್ಟುಗಳು ದಾರಿಯಲ್ಲಿ ಸಂಕೇತ ಹದಗೆಡದಂತೆ ಕಾಯುತ್ತವೆ. ೨ ಕೋಟಿ ೭೦ ಲಕ್ಷ ಚುಕ್ಕೆಗಳ ತಾಳದಲ್ಲಿ ಒಂದೊಂದು ಜೋಡಿಯಲ್ಲಿ ಸೆಕೆಂಡಿಗೆ ೨೭ ಕೋಟಿ ಬಿಟ್ಟುಗಳು ಸಾಗುತ್ತವೆ. ಹಳೆಯ ಬಗೆಯ ಅರೆಚಿತ್ರಗಳ ತಾಳ ಎಚ್‌ಡಿಎಂಐಗೆ ತೀರ ನಿಧಾನ; ಅದಕ್ಕಾಗಿ ಪ್ರತಿ ಚುಕ್ಕೆಯನ್ನೂ ಎರಡು ಸಾರಿ ಹೇಳಿ ತಾಳವನ್ನು ಸರಿದೂಗಿಸುತ್ತಾರೆ. ಈ ಕೆಲಸವನ್ನೆಲ್ಲ ಮಾಡುವ ವಿನ್ಯಾಸವೊಂದನ್ನು ಅದರ ಕರ್ತೃವು ಎಲ್ಲರೂ ಬಳಸಬಹುದಾದಂತೆ ಮುಕ್ತವಾಗಿ ಪ್ರಕಟಿಸಿದುದರಿಂದ, ಬೆರಳುದ್ದದ ಪರಿವರ್ತಕಗಳನ್ನು ಸಣ್ಣ ಸಣ್ಣ ತಯಾರಕರು ಮಾಡತೊಡಗಿದರು. ಅಟ್ಟ ಸೇರಿದ್ದ ಹಳೆಯ ಯಂತ್ರವನ್ನು ಇಳಿಸಿ, ಆ ಪರಿವರ್ತಕವನ್ನು ಸಿಕ್ಕಿಸಿ, ಹೊಸ ಟೆಲಿವಿಷನ್ನಿನಲ್ಲಿ ಚಿತ್ರವನ್ನೂ ಶಬ್ದವನ್ನೂ ಅಂಕಿಗಳಾಗಿಯೇ ಪಡೆಯುವುದು ಸಾಧ್ಯವಾಯಿತು.

೨೦೦೪ರ ಮೇಲಿನ ಮಾದರಿಯನ್ನು ಕೊಂಡವರ ಗತಿಯೇನು? ಅವರ ಯಂತ್ರದೊಳಗೂ ಚಿತ್ರ ಅಂಕಿಗಳಾಗಿಯೇ ಹುಟ್ಟುತ್ತದೆ, ಹೊರಬರಲು ಬಾಗಿಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ, ಕೂದಲೆಳೆಯಂಥ ತಂತಿಗಳನ್ನು ಬೆಸುಗೆ ಹಾಕಬಲ್ಲ ನಿಪುಣರಿಗೆ ಮಾತ್ರ ಅದು ದಕ್ಕುತ್ತದೆ. ಕೆಲವು ಕಾಸುಗಳ ಉಳಿತಾಯದ ನಿಜವಾದ ಬೆಲೆ ಇದು. ಈ ಬೆಲೆಯನ್ನು ತೆತ್ತವರು ಉಳಿಸಿದವರಲ್ಲ, ಕೊಂಡವರು.

ಇಂದಿನ ಬಾಗಿಲುಗಳು

ಗೇಮ್‌ಕ್ಯೂಬಿನ ತರುವಾಯ ಬಂದ ಯಂತ್ರಗಳಲ್ಲಿ ಅಂಕೀಯ ಬಾಗಿಲು ನಿಧಾನವಾಗಿ ನೆಲೆಗೊಂಡಿತು. ೨೦೦೫ರಲ್ಲಿ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ೩೬೦ರಲ್ಲಿ ಮೊದಲು ಎಚ್‌ಡಿಎಂಐ ಇರಲಿಲ್ಲ; ೨೦೦೭ರ ಮಾದರಿಗಳಲ್ಲಿ ಸೇರಿತು. ಸೋನಿಯವರ ಪ್ಲೇಸ್ಟೇಷನ್ ೩ ರಲ್ಲಿ ೨೦೦೬ರಿಂದಲೇ ಇತ್ತು. ನಿಂಟೆಂಡೊದವರ ವೀ ಎಂಬ ಯಂತ್ರ ಅದೇ ೨೦೦೬ರಲ್ಲಿ ಅಲೆಯ ಬಾಗಿಲೊಂದರಿಂದಲೇ ತೃಪ್ತಿಗೊಂಡಿತು. ೨೦೧೨ರ ವೀ ಯು ಯಂತ್ರದಲ್ಲಿ ಎಚ್‌ಡಿಎಂಐ ಬಂತು. ೨೦೧೭ರ ಸ್ವಿಚ್ ಯಂತ್ರದಲ್ಲಿ ಹಳೆಯ ಉಪಾಯದ ನೆರಳು ಮತ್ತೆ ಕಾಣುತ್ತದೆ. ಯಂತ್ರದಿಂದ ಯುಎಸ್‌ಬಿ-ಸಿ ಕಿಂಡಿಯ ಮೂಲಕ ಡಿಸ್‌ಪ್ಲೇಪೋರ್ಟ್ ಎಂಬ ಪದ್ಧತಿಯಲ್ಲಿ ಅಂಕಿಗಳು ಹೊರಡುತ್ತವೆ; ಅವುಗಳನ್ನು ಎಚ್‌ಡಿಎಂಐಗೆ ಅನುವಾದಿಸುವ ಚಿಪ್ಪು ಯಂತ್ರವನ್ನು ಕೂರಿಸುವ ಪೀಠದೊಳಗಿದೆ.

ಹೀಗಿರಲು, ಎಲ್ಲ ಯಂತ್ರಗಳಿಗೂ ಅಂಕೀಯ ಬಾಗಿಲು ಬಂದ ಮೇಲೆ ಇನ್ನೇನು ಚಿಂತೆ ಎಂದು ವಾಚಕರು ಕೇಳಬಹುದು. ಬಾಗಿಲೇನೋ ಬಂತು, ಬೀಗವೂ ಜೊತೆಯಲ್ಲಿಯೇ ಬಂತು. ಇಂಟೆಲ್ ಸಂಸ್ಥೆಯವರು ರೂಪಿಸಿದ ಎಚ್‌ಡಿಸಿಪಿ ಎಂಬ ವಿಧಾನವು ತಂತಿಯಲ್ಲಿ ಹರಿಯುವ ಅಂಕಿಗಳನ್ನು ಗೂಢಲಿಪಿಯಾಗಿಸುತ್ತದೆ. ಒಪ್ಪಿಗೆ ಪಡೆದ ಪರದೆ ಮಾತ್ರ ಅದನ್ನು ಓದಬಲ್ಲದು. ಸಿನಿಮಾಗಳ ಕಳ್ಳಪ್ರತಿಗಳನ್ನು ತಡೆಯುವುದು ಇದರ ಉದ್ದೇಶ. ಪ್ಲೇಸ್ಟೇಷನ್ ೩ ರಲ್ಲಿ ಸಿನಿಮಾಕ್ಕೆ ಮಾತ್ರವಲ್ಲ, ಆಟದ ಚಿತ್ರಕ್ಕೂ ಈ ಬೀಗ ಬೀಳುತ್ತಿತ್ತು. ಪ್ಲೇಸ್ಟೇಷನ್ ೪ ರಲ್ಲಿ ೨೦೧೪ರಿಂದ ಆಟಗಳ ಮಟ್ಟಿಗೆ ಬೀಗವನ್ನು ತೆರೆಯುವ ಅವಕಾಶವನ್ನು ಕೊಟ್ಟರು. ಈ ಕ್ರಮ ವಿವೇಕದ್ದು. ಆಟದ ಚಿತ್ರವನ್ನು ಹಿಡಿದಿಟ್ಟುಕೊಂಡವನಿಗೆ ಆಟವು ದೊರೆತಂತಾಗುವುದಿಲ್ಲ. ಯಕ್ಷಗಾನದ ಛಾಯಾಚಿತ್ರ ತೆಗೆದವನಿಗೆ ಮೇಳದ ಒಡೆತನ ಬರುವುದಿಲ್ಲವಷ್ಟೆ! ಇಷ್ಟೇ ಅಲ್ಲ, ಆ ಬೀಗದ ಮೂಲ ಕೀಲಿಯೇ ೨೦೧೦ರಲ್ಲಿ ಬಯಲಾಯಿತು. ಅಂದಿನಿಂದ ಅದು ಕಳ್ಳನನ್ನು ತಡೆಯುವುದಕ್ಕಿಂತ, ಹಳೆಯ ಪರದೆಯುಳ್ಳ ಪ್ರಾಮಾಣಿಕನನ್ನು ಬಾಗಿಲಲ್ಲಿ ನಿಲ್ಲಿಸುವುದೇ ಹೆಚ್ಚು.

ಭಾಷೆಯ ಒಡೆತನದ ಪ್ರಶ್ನೆಯೂ ಇದೆ. ಎಚ್‌ಡಿಎಂಐ ಸಾರ್ವತ್ರಿಕವಾದರೂ ಸಾರ್ವಜನಿಕವಲ್ಲ. ಅದರ ೨.೧ ಆವೃತ್ತಿಗೆ ತಕ್ಕ ಚಾಲಕ ತಂತ್ರಾಂಶವನ್ನು ಮುಕ್ತವಾಗಿ ಪ್ರಕಟಿಸಲು ಎಎಂಡಿ ಕಂಪನಿಯವರು ಅನುಮತಿ ಬಯಸಿದಾಗ, ಆ ಪದ್ಧತಿಯ ಒಡೆತನವುಳ್ಳ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲವೆಂಬುದು ೨೦೨೪ರಲ್ಲಿ ತಿಳಿದುಬಂತು. ಗೇಮ್‌ಕ್ಯೂಬಿನ ಕಿಂಡಿಯನ್ನು ಹವ್ಯಾಸಿಗಳು ಓದಿದಷ್ಟು ಸುಲಭವಾಗಿ ಇಂದಿನ ಬಾಗಿಲನ್ನು ಇಪ್ಪತ್ತು ವರ್ಷಗಳ ಮೇಲೆ ಯಾರಾದರೂ ಓದಬಲ್ಲರೆ? ನಮಗೆ ಸಂದೇಹವಿದೆ.

ನಾವು ಕೇಳುವುದೇನು?

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಯಂತ್ರವೊಂದರ ತಯಾರಿಕೆಯನ್ನು ನಿಲ್ಲಿಸಿದ ಕಂಪನಿಯವರು ಅದರ ಬೆನ್ನಿನ ಪ್ರತಿಯೊಂದು ಕಿಂಡಿಯ ವಿವರವನ್ನೂ, ಯಾವ ತಂತಿಯಲ್ಲಿ ಯಾವ ಅಂಕಿ, ಯಾವ ತಾಳ ಎಂಬುದನ್ನು ನಾಲ್ಕು ಪುಟಗಳಲ್ಲಿ ಪ್ರಕಟಿಸಲಿ. ಮಾರಾಟ ನಿಂತುಹೋದ ವಸ್ತುವಿನ ಗುಟ್ಟಿನಿಂದ ಅವರಿಗೆ ಆಗುವ ಲಾಭ ಅತ್ಯಲ್ಪ. ಪ್ರಕಟಣೆಯಿಂದ ಇತರರಿಗೆ ಆಗುವ ಉಪಕಾರ ಅಪಾರ. ಎರಡನೆಯದಾಗಿ, ಬಾಡಿಗೆಯ ಸಿನಿಮಾಕ್ಕೆ ಬೇಕಾದ ಬೀಗವನ್ನು ಸ್ವಂತ ಆಟದ ಚಿತ್ರಕ್ಕೆ ಹಾಕದಿರಲಿ. ಮೂರನೆಯದಾಗಿ, ಬಾಗಿಲಿಗೆ ತಮ್ಮದೇ ಆಕಾರದ ಕಿಂಡಿಯನ್ನು ಕೊರೆಯುವುದನ್ನು ಬಿಟ್ಟು ಎಲ್ಲರಿಗೂ ಹೊಂದುವ ಆಕಾರವನ್ನು ಅನುಸರಿಸಲಿ.

ಇದು ಕನಸಿನ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ಫ್ರಾನ್ಸ್ ದೇಶದಲ್ಲಿ ೧೯೮೦ರ ದಶಕದ ಆದಿಯಲ್ಲಿಯೇ ಮಾರಾಟವಾಗುವ ಬಣ್ಣದ ಟೆಲಿವಿ಼ಷನ್ನುಗಳಿಗೆ ಸ್ಕಾರ್ಟ್ ಎಂಬ ಒಂದೇ ಬಗೆಯ ಕಿಂಡಿ ಇರಬೇಕೆಂದು ಕಾಯಿದೆ ಮಾಡಿದರು. ಅದು ಯೂರೋಪಿನಲ್ಲೆಲ್ಲ ಹರಡಿತು. ಯೂರೋಪಿನ ಗೇಮ್‌ಕ್ಯೂಬುಗಳು ಮೊದಲನೆಯ ಬಾಗಿಲಿನಿಂದಲೇ ಉತ್ತಮ ಆರ್‌ಜಿಬಿ ಚಿತ್ರವನ್ನು ಕೊಡುತ್ತಿದ್ದುದು ಆ ಕಿಂಡಿಯ ದೆಸೆಯಿಂದ. ಯೂರೋಪಿನ ಒಕ್ಕೂಟದವರು ೨೦೨೨ರಲ್ಲಿ ಮಾಡಿದ ಕಾಯಿದೆಯಂತೆ, ೨೦೨೪ರ ಡಿಸೆಂಬರ್ ೨೮ರಿಂದ ಅಲ್ಲಿ ಹೊಸದಾಗಿ ಮಾರಾಟಕ್ಕೆ ಬರುವ ಕೈಫೋನು, ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ ಮುಂತಾದುವುಗಳಿಗೆಲ್ಲ ವಿದ್ಯುತ್ ತುಂಬುವ ಕಿಂಡಿ ಯುಎಸ್‌ಬಿ-ಸಿ ಆಗಿರಬೇಕು. ವಿದ್ಯುತ್ ಒಳಹೋಗುವ ಬಾಗಿಲಿಗೆ ನಿಯಮ ಮಾಡಬಹುದಾದರೆ, ಚಿತ್ರ ಹೊರಬರುವ ಬಾಗಿಲಿಗೆ ಏಕೆ ಮಾಡಬಾರದು?

ವಿದ್ಯಾರ್ಥಿಗಳಿಗೆ ನಮ್ಮದೊಂದು ಮಾತು. ನಿಮ್ಮಲ್ಲಿ ಕೆಲವರು ಮುಂದೆ ಇಂಥ ಯಂತ್ರಗಳನ್ನು ರೂಪಿಸುವ ಮೇಜುಗಳ ಮುಂದೆ ಕುಳಿತುಕೊಳ್ಳುವಿರಿ. ಬೆಂಗಳೂರಿನಲ್ಲಿ ಚಿಪ್ಪುಗಳ ವಿನ್ಯಾಸ ಮಾಡುವ ಎಷ್ಟೋ ಸಂಸ್ಥೆಗಳಿರುವಾಗ ಈ ಮಾತು ದೂರದ್ದೇನಲ್ಲ. ಅಂದು ನಿಮ್ಮ ಮುಂದೆ ಒಂದು ಪಟ್ಟಿ ಬರುವುದು. ಅದರಲ್ಲಿ ಒಂದು ಕಿಂಡಿಯ ಎದುರು ಅದರ ಬೆಲೆಯನ್ನೂ ಅದನ್ನು ಬಳಸುವವರ ಶೇಕಡಾ ಸಂಖ್ಯೆಯನ್ನೂ ಬರೆದಿರುವುದು. ಬೆಲೆಯನ್ನು ಕೂಡಿ ಕಳೆಯುವುದು ಸುಲಭ. ಆ ಯಂತ್ರವನ್ನು ಇಪ್ಪತ್ತು ವರ್ಷಗಳ ಮೇಲೆ ಅಟ್ಟದಿಂದ ಇಳಿಸಿ ಧೂಳು ಕೊಡಹುವವರ ಸಂಖ್ಯೆ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ನೀವೇ ಸೇರಿಸಿಕೊಂಡು ಲೆಕ್ಕ ಹಾಕಬೇಕು.